ಮಳೆಗಾಲದ ಅಡುಗೆಮನೆಯಲ್ಲಿ ಅವಘಡವಾದರೆ ಮೊದಲ ಇಪ್ಪತ್ತು ನಿಮಿಷ

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆ ತೋಟದ ಮನೆ. ಅಡುಗೆಮನೆಯಲ್ಲಿ ಗ್ಯಾಸೂ ಇದೆ, ಸೌದೆ ಒಲೆಯೂ ಇದೆ. ಎರಡು ಕೋಣೆ ಹೋಂಸ್ಟೇಗೆ ಬಿಟ್ಟಿದ್ದೇವೆ. ಕಳೆದ ಕೈಲ್‌ಪೊಳ್ದ್ ಹಬ್ಬದ ದಿನ ಪಂದಿಕರಿಗೆ (ಹಂದಿ ಮಾಂಸದ ಸಾರಿಗೆ) ಇಟ್ಟಿದ್ದ ಕುಕ್ಕರ್ ತೆಗೆಯುವಾಗ ಬಿಸಿ ಕೊಬ್ಬು ಚಿಮ್ಮಿ ನಾದಿನಿಯ ಮುಂಗೈ ಸುಟ್ಟಿತು. ಒಬ್ಬರು ಟೂತ್‌ಪೇಸ್ಟ್ ಹಚ್ಚಿದರು, ಇನ್ನೊಬ್ಬರು ಅರಿಶಿನ ಅಂದರು, ಅತ್ತೆ ಐಸ್ ತಂದಿಟ್ಟರು. ಆಮೇಲೆ ಗಾಯ ಕೀವಾಯಿತು. ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ, ಆಸ್ಪತ್ರೆ ದೂರ. ಚಳಿಗೆಂದು ಮಾವ ಕೆಂಡ ತುಂಬಿದ ಬಾಣಲೆಯನ್ನು ಮಲಗುವ ಕೋಣೆಗೆ ಒಯ್ಯುತ್ತಾರೆ, ಅದೂ ಭಯ. ಹೀಗಾಗದಂತೆ ಏನು ಮಾಡಬೇಕು? ಆಗಿಬಿಟ್ಟರೆ ಮೊದಲು ಏನು ಮಾಡಬೇಕು?

ಉತ್ತರ: ನಾಪೋಕ್ಲು ಕಡೆಯಿಂದ ಮಡಿಕೇರಿಗೋ ವಿರಾಜಪೇಟೆಗೋ ಹೋಗಲು ಮಳೆಯಿಲ್ಲದ ದಿನವೇ ಸಾಕಷ್ಟು ಹೊತ್ತು ಬೇಕು. ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದರೆ, ಕಾವೇರಿ ಉಕ್ಕಿ ಭಾಗಮಂಡಲ ರಸ್ತೆ ಮುಳುಗಿದರೆ ಇಷ್ಟೇ ಹೊತ್ತು ಎಂದು ಹೇಳುವಂತಿಲ್ಲ. ಹಾಗಾಗಿ "ತಕ್ಷಣ ಆಸ್ಪತ್ರೆಗೆ ಓಡಿ" ಎಂಬ ಪೇಟೆಯ ಸಲಹೆ ನಿಮಗೆ ಅರ್ಧ ಮಾತ್ರ ಹೊಂದುತ್ತದೆ. ಸುಟ್ಟ ಗಾಯ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದರಲ್ಲಿ ಬಹುಪಾಲು ಮನೆಯಲ್ಲೇ, ಮೊದಲ ಇಪ್ಪತ್ತು ನಿಮಿಷದಲ್ಲೇ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಬೇಕಾದ ಮದ್ದು ನೀರು.

ಬಿಸಿ ಎಣ್ಣೆ ಚೆಲ್ಲಿದ ಮೇಲೆ, ಮೇಲಿನ ಎಣ್ಣೆ ಒರೆಸಿ ಹೋದರೂ ಚರ್ಮದೊಳಗೆ ಸೇರಿದ ಶಾಖ ಹಾಗೇ ಉಳಿದು ಕೆಳಗಿನ ಪದರಗಳನ್ನು ಸುಡುತ್ತಲೇ ಇರುತ್ತದೆ. ಅದನ್ನು ಹೊರಗೆಳೆಯಲು ಸುಟ್ಟ ಭಾಗದ ಮೇಲೆ ತಣ್ಣೀರು ಹರಿಯಬೇಕು, ಪೂರ್ತಿ 20 ನಿಮಿಷ. ಎರಡು ನಿಮಿಷಕ್ಕೆ ಉರಿ ಇಳಿದಂತೆ ಅನಿಸಿ ಬಹಳ ಜನ ಕೈ ತೆಗೆದುಬಿಡುತ್ತಾರೆ. ಮತ್ತೆ ಉರಿ ಏರಿದಾಗ ಪೇಸ್ಟು, ಅರಿಶಿನ, ಬೆಣ್ಣೆ ಹುಡುಕುತ್ತಾರೆ. ಗಡಿಯಾರ ನೋಡಿಕೊಂಡೇ ನೀರು ಬಿಡಿ. ಗಲಾಟೆಯಲ್ಲಿ ತಡವಾಗಿದ್ದರೂ ಬಿಡಬೇಡಿ, ಸುಟ್ಟು ಮೂರು ಗಂಟೆಯೊಳಗೆ ಶುರು ಮಾಡಿದರೂ ಪ್ರಯೋಜನವಿದೆ. ನೀರು ಸುರಿಯುತ್ತಿರುವಾಗಲೇ ಬಳೆ, ಉಂಗುರ, ವಾಚು ತೆಗೆಯಿರಿ. ಅರ್ಧ ಗಂಟೆ ಕಳೆದರೆ ಕೈ ಊದಿ ಉಂಗುರ ಕತ್ತರಿಸಬೇಕಾಗುತ್ತದೆ. ಬಟ್ಟೆಯ ಮೇಲೆ ಬಿಸಿ ಚೆಲ್ಲಿದ್ದರೆ ಬಟ್ಟೆಯನ್ನೂ ತೆಗೆಯಬೇಕು. ಆದರೆ ನೈಲಾನ್ ಕರಗಿ ಚರ್ಮಕ್ಕೆ ಅಂಟಿದ್ದರೆ ಕೀಳಬಾರದು, ಸುತ್ತಲಿನದನ್ನು ಕತ್ತರಿಸಿ ಅಂಟಿದ್ದನ್ನು ಅಲ್ಲಿಗೇ ಬಿಡಿ.

ಐಸ್ ಏಕೆ ಬೇಡ? ಅದು ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಆಗಲೇ ಪೆಟ್ಟು ತಿಂದ ಚರ್ಮಕ್ಕೆ ರಕ್ತ ಸಿಗದೆ ಗಾಯ ಇನ್ನೂ ಆಳವಾಗುತ್ತದೆ. ಟೂತ್‌ಪೇಸ್ಟ್, ಬೆಣ್ಣೆ, ಶಾಯಿ, ದೋಸೆ ಹಿಟ್ಟು ಎಲ್ಲವೂ ಶಾಖವನ್ನು ಒಳಗೇ ಹಿಡಿದಿಡುತ್ತವೆ, ಜೊತೆಗೆ ಕೊಳೆಯನ್ನೂ ಸೇರಿಸುತ್ತವೆ. ಅರಿಶಿನದಿಂದ ಇನ್ನೊಂದು ತೊಂದರೆ: ಬಣ್ಣ ಹಿಡಿದ ಗಾಯ ಎಷ್ಟು ಆಳ ಎಂದು ವೈದ್ಯರಿಗೆ ನೋಡಿ ತಿಳಿಯುವುದಿಲ್ಲ, ಉಜ್ಜಿ ತೊಳೆಯಬೇಕಾಗುತ್ತದೆ, ಅದು ವಿಪರೀತ ನೋವು. ನಿಮ್ಮ ನಾದಿನಿಯ ಗಾಯ ಕೀವಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಬೊಬ್ಬೆಯನ್ನೂ ಒಡೆಯಬೇಡಿ, ಒಡೆಯದ ಬೊಬ್ಬೆಯ ಚರ್ಮಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ.

ಕರೆಂಟ್ ಇಲ್ಲದೆ ಪಂಪ್ ನಿಂತರೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ನಿಮ್ಮಲ್ಲಿ ಇದೇ ನಿಜವಾದ ಸಮಸ್ಯೆ. ಸಣ್ಣಗೆ ಹರಿಯುವ ನಲ್ಲಿಗೂ 20 ನಿಮಿಷಕ್ಕೆ ಸುಮಾರು 40 ಲೀಟರ್ ಬೇಕು. ಆದ್ದರಿಂದ ಜೂನ್ ಶುರುವಾಗುವ ಮೊದಲೇ ಅಡುಗೆಮನೆ ಬಾಗಿಲ ಪಕ್ಕ 50 ಲೀಟರ್‌ನ ಮುಚ್ಚಳವಿರುವ ಡ್ರಮ್ ಇಟ್ಟು ಕುಡಿಯುವಂಥ ಶುದ್ಧ ನೀರು ತುಂಬಿಸಿ, ವಾರಕ್ಕೊಮ್ಮೆ ಬದಲಿಸಿ. ಕೈಕಾಲು ಸುಟ್ಟರೆ ಬಕೆಟ್‌ನಲ್ಲಿ ಮುಳುಗಿಸಿಟ್ಟು ನೀರು ಬೆಚ್ಚಗಾದಾಗ ಬದಲಿಸಿದರೂ ಸಾಕು. ಎದೆ, ಮುಖ, ಬೆನ್ನಿಗಾದರೆ ಚೊಂಬಿನಿಂದ ಬಿಡದೆ ಸುರಿಯಿರಿ, ಇಲ್ಲವೇ ಒದ್ದೆ ಬಟ್ಟೆ ಹಾಕಿ ಒಂದೆರಡು ನಿಮಿಷಕ್ಕೊಮ್ಮೆ ಬದಲಿಸಿ. ಕೊಡಗಿನ ಮಳೆಗಾಲದ ನೀರು ಸಾಕಷ್ಟು ತಣ್ಣಗಿರುತ್ತದೆ, ಅದನ್ನು ಇನ್ನಷ್ಟು ತಣಿಸುವ ಅಗತ್ಯವಿಲ್ಲ. ಆದರೆ ಅದೇ ಚಳಿಯಿಂದ ಇನ್ನೊಂದು ಅಪಾಯವಿದೆ: ಚಿಕ್ಕ ಮಗುವಿಗೆ, ವಯಸ್ಸಾದವರಿಗೆ ಮೈಯೆಲ್ಲ ನೆನೆದರೆ ದೇಹದ ಶಾಖ ಬೇಗ ಇಳಿದುಬಿಡುತ್ತದೆ. ಸುಟ್ಟ ಜಾಗಕ್ಕೆ ಮಾತ್ರ ನೀರು ಬೀಳಲಿ, ಉಳಿದ ಮೈಗೆ ಕಂಬಳಿ ಹೊದಿಸಿ. ನಡುಕ ಬಂದರೆ ನೀರು ನಿಲ್ಲಿಸಿ ಬೆಚ್ಚಗೆ ಮಾಡಿ.

ತಣಿಸಿದ ಮೇಲೆ ಮುಚ್ಚಬೇಕು. ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಇದ್ದರೆ ಮೊದಲ ಎರಡು ಸುತ್ತು ಬಿಸಾಡಿ, ಒಳಗಿನ ಹಾಳೆಯನ್ನು ಗಾಯದ ಮೇಲೆ ಉದ್ದಕ್ಕೆ ಹಾಸಿ. ಕೈಯ ಸುತ್ತ ಬಿಗಿಯಾಗಿ ಸುತ್ತಬೇಡಿ, ಊತ ಬಂದಾಗ ಕಟ್ಟಿದಂತಾಗುತ್ತದೆ. ಅದಿಲ್ಲದಿದ್ದರೆ ಒಗೆದು ಇಸ್ತ್ರಿ ಮಾಡಿದ ಹತ್ತಿಯ ಪಂಚೆ ಬಟ್ಟೆಯೇ ಸರಿ. ಹತ್ತಿಯ ಉಂಡೆ ಬೇಡ, ಎಳೆ ಅಂಟುತ್ತದೆ. ನೋವಿಗೆ ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಒಂದು ಮಾತ್ರೆ. ಮಗುವಿಗೆ ತೂಕ ನೋಡಿ, ಕಿಲೋಗೆ 15 ಮಿ.ಗ್ರಾಂ. ಮೀರದಂತೆ.

ಸುಟ್ಟವರ ಅಂಗೈ, ಬೆರಳುಗಳೂ ಸೇರಿ, ಅವರ ಮೈಯ ಸುಮಾರು ನೂರನೇ ಒಂದು ಭಾಗ. ಬೊಬ್ಬೆ ಎದ್ದ ಜಾಗ ಅದಕ್ಕಿಂತ ದೊಡ್ಡದಿದ್ದರೆ ಆಸ್ಪತ್ರೆ ಬೇಕು. ಮುಖ, ಕಣ್ಣು, ಅಂಗೈ, ಪಾದ, ಕೀಲು, ಗುಪ್ತಾಂಗಗಳು ಸುಟ್ಟರೆ ಅಳತೆ ನೋಡದೆ ಹೊರಡಿ. ಬೆಳ್ಳಗೆ ಅಥವಾ ಕರಿಕಲಾಗಿ ತೊಗಲಿನಂತಾದ, ಮುಟ್ಟಿದರೂ ನೋವಿಲ್ಲದ ಗಾಯವೂ ಹಾಗೆಯೇ, ನೋವಿಲ್ಲ ಎಂದರೆ ನರವೂ ಸುಟ್ಟಿದೆ ಎಂದರ್ಥ. ಐದು ವರ್ಷದೊಳಗಿನ ಮಗು, ಗರ್ಭಿಣಿ, ಸಕ್ಕರೆ ಕಾಯಿಲೆಯವರನ್ನು ಸಣ್ಣ ಗಾಯಕ್ಕೂ ತೋರಿಸಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದೆಂದು ನೆನಪಿಟ್ಟುಕೊಂಡು ಹೋಗಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ. ದೊಡ್ಡ ಸುಟ್ಟಗಾಯಕ್ಕೆ ಅಲ್ಲಿಂದ ಮುಂದೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಬಹುದು, ಎರಡೂ 100 ಕಿ.ಮೀ.ಗಿಂತ ದೂರ. ಅದಕ್ಕೇ ಮನೆಯ ಇಪ್ಪತ್ತು ನಿಮಿಷದ ಮೇಲೆ ನಾನಿಷ್ಟು ಒತ್ತು ಕೊಡುತ್ತಿರುವುದು.

ಈಗ ಕುಕ್ಕರ್ ವಿಚಾರ. ಪಂದಿಕರಿಗೆ ಕೊಬ್ಬು, ತೊಗಲು ಸೇರಿದ ತುಂಡುಗಳು ಬೀಳುತ್ತವೆ, ಮಸಾಲೆ ದಪ್ಪ. ಕುದಿಯುವಾಗ ಕೊಬ್ಬು ಮೇಲೆ ತೇಲಿ, ತುಂಡೋ ಮಸಾಲೆಯ ಚೂರೋ ವೆಯ್ಟ್ ಕೂರುವ ನಳಿಕೆಗೆ ಸಿಕ್ಕಿಕೊಳ್ಳುತ್ತದೆ. ಆಗ ವಿಷಲ್ ಬರುವುದಿಲ್ಲ, ಒಳಗೆ ಒತ್ತಡ ಮಾತ್ರ ಏರುತ್ತದೆ. ಸಾಮಾನ್ಯ ಕುಕ್ಕರ್ ಚದರ ಸೆಂಟಿಮೀಟರ್‌ಗೆ ಸುಮಾರು 1 ಕಿಲೋ ಒತ್ತಡದಲ್ಲಿ, 120 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತದೆ. ಮುಚ್ಚಳ ಬಲವಂತವಾಗಿ ತೆಗೆದ ಕ್ಷಣ ಒತ್ತಡ ಒಮ್ಮೆಲೇ ಬಿದ್ದು, 100 ಡಿಗ್ರಿ ಮೀರಿದ್ದ ನೀರೆಲ್ಲ ಆವಿಯಾಗಿ ಉಕ್ಕಿ ಕೊಬ್ಬನ್ನೂ ಹೊತ್ತು ಚಿಮ್ಮುತ್ತದೆ. ಕೊಬ್ಬು ಮೈಗೆ ಅಂಟುವುದರಿಂದ ಬರೀ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ.

ಕುಕ್ಕರ್ ಇಡುವ ಮೊದಲು ಪ್ರತಿ ಸಲವೂ ಮುಚ್ಚಳವನ್ನು ಬೆಳಕಿಗೆ ಹಿಡಿದು ನಳಿಕೆಯ ತೂತು ಆರಪಾರ ಕಾಣುತ್ತದೆಯೇ ನೋಡಿ, ಇಲ್ಲದಿದ್ದರೆ ಪಿನ್ನು ಹಾಕಿ ಬಿಡಿಸಿ. ಒಳಗೆ ಮುಕ್ಕಾಲು ತುಂಬಿಸುವ ರೂಢಿ ಬಿಡಿ: ಮೂರರಲ್ಲಿ ಎರಡು ಭಾಗ ಮಾತ್ರ, ಬೇಳೆ, ಅಕ್ಕಿ ಮತ್ತು ಕೊಬ್ಬಿನ ಮಾಂಸಕ್ಕೆ ಅರ್ಧ. ವೆಯ್ಟ್ ಇಡುವ ಮೊದಲು ನಳಿಕೆಯಿಂದ ಹಬೆ ನೇರವಾಗಿ ಬರುವುದನ್ನು ಕಾದು ನೋಡಿ. ಪಕ್ಕದಿಂದ ಹಬೆ ಸೋರಿದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ, ಹೊಸದು ಹಾಕಿ. ಸೇಫ್ಟಿ ವಾಲ್ವ್‌ನಲ್ಲಿ ಅತಿ ಬಿಸಿಯಾದಾಗ ಕರಗಿ ದಾರಿ ಬಿಡುವ ಲೋಹದ ತುಣುಕು ಇರುತ್ತದೆ. ಅದು ಹೋದಾಗ ಸಂತೆಯಲ್ಲಿ ಸಿಕ್ಕ ಯಾವುದೋ ಒಂದನ್ನು ಹಾಕಬೇಡಿ, ಆ ಕುಕ್ಕರ್ ಕಂಪನಿಯದನ್ನೇ ತನ್ನಿ. ಬೆಂದ ಮೇಲೆ ಗ್ಯಾಸ್ ಆರಿಸಿ ತನ್ನಷ್ಟಕ್ಕೆ ಇಳಿಯಲು ಬಿಡಿ. ವೆಯ್ಟನ್ನು ಚಮಚದಿಂದ ತುಸು ಎತ್ತಿದಾಗ ಸದ್ದೇ ಬರದಿದ್ದರೆ ಮಾತ್ರ ತೆಗೆಯಬಹುದು. ವೆಯ್ಟ್ ಎತ್ತಿ ಹಬೆ ಬಿಡುವ ಅವಸರ ಕೊಬ್ಬಿನ ಅಡುಗೆಗೆ ಬೇಡವೇ ಬೇಡ. ಪೂರ್ತಿ ತಣ್ಣಗಾದ ಮೇಲೂ ಮುಚ್ಚಳ ಅಂಟಿಕೊಂಡಿದ್ದರೆ ಒಳಗೆ ನಿರ್ವಾತವಾಗಿದೆ ಎಂದು ತಿಳಿಯಿರಿ, ವೆಯ್ಟ್ ತೆಗೆದರೆ ಗಾಳಿ ಒಳಹೋಗಿ ಸಡಿಲವಾಗುತ್ತದೆ. ವಿಷಲ್ ಬರಬೇಕಾದ ಹೊತ್ತು ಮೀರಿ ಹಬೆಯ ಸುಳಿವೇ ಇಲ್ಲದಿದ್ದರೆ ಹತ್ತಿರ ಹೋಗಿ ಬಗ್ಗಿ ನೋಡಬೇಡಿ. ರೆಗ್ಯುಲೇಟರ್ ಆರಿಸಿ, ಎಲ್ಲರೂ ಹೊರಗಿದ್ದು ಒಂದು ಗಂಟೆ ಬಿಡಿ. ಹಬ್ಬಕ್ಕೆ ಹೆಚ್ಚು ಜನರಿದ್ದಾಗ ಕುಕ್ಕರ್‌ಗಿಂತ ದೊಡ್ಡ ತೆರೆದ ಪಾತ್ರೆಯೇ ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಚಂಪುಳಿ (ಹುಳಿಗೆ ಹಾಕುವ ಕಪ್ಪು ಹಣ್ಣಿನ ರಸ) ಹಾಕುವಾಗಲೂ ಉರಿ ತಗ್ಗಿಸಿ: ಅದರಲ್ಲಿ ನೀರಿನಂಶವಿದೆ, ಕೊಬ್ಬು ಬಿಟ್ಟು ಕಾದಿರುವ ಪಾತ್ರೆಗೆ ಸುರಿದರೆ ಸಿಡಿಯುತ್ತದೆ.

ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಅಕ್ಕಿ ಶಾವಿಗೆ) ಹಬೆಯಲ್ಲಿ ಬೇಯಿಸುವ ಪಾತ್ರೆಯ ಮುಚ್ಚಳವನ್ನು ನಿಮ್ಮಿಂದ ಆಚೆ ಬದಿಯನ್ನು ಮೊದಲು ಎತ್ತಿ ತೆಗೆಯಿರಿ. ಹಬೆ ಚರ್ಮದ ಮೇಲೆ ನೀರಾಗುವಾಗ ತನ್ನೊಳಗಿನ ಶಾಖವನ್ನೂ ಬಿಟ್ಟುಕೊಡುತ್ತದೆ, ಹಾಗಾಗಿ ಕುದಿನೀರಿಗಿಂತ ಹೆಚ್ಚು ಸುಡುತ್ತದೆ. ಬಿಸಿ ಮಸಾಲೆಯನ್ನು ಮಿಕ್ಸಿಗೆ ಹಾಕಿ ಮುಚ್ಚಿದರೂ ಇದೇ ಹಬೆ ಮುಚ್ಚಳ ಹಾರಿಸುತ್ತದೆ, ಆರಿದ ಮೇಲೆ ರುಬ್ಬಿ.

ಬಾಣಲೆಯ ಎಣ್ಣೆ ಹೊತ್ತಿಕೊಳ್ಳುವ ಮೊದಲು ಹೊಗೆಯಾಡುತ್ತದೆ. ಆಗಲೇ ಉರಿ ಆರಿಸಿದರೆ ಬೆಂಕಿಯಾಗುವುದಿಲ್ಲ. ಹೊತ್ತಿಕೊಂಡರೆ ನೀರು ಹಾಕಬೇಡಿ: ನೀರು ಎಣ್ಣೆಯ ತಳಕ್ಕಿಳಿದು ಕ್ಷಣದಲ್ಲಿ ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗುತ್ತದೆ, ಉರಿಯುವ ಎಣ್ಣೆಯನ್ನು ಅಟ್ಟದವರೆಗೆ ಎಸೆಯುತ್ತದೆ. ಬಾಣಲೆಯನ್ನು ಹೊರಗೆ ಒಯ್ಯಲೂ ಬೇಡಿ. ಗ್ಯಾಸ್ ಆರಿಸಿ, ಬಾಣಲೆಗಿಂತ ಅಗಲವಾದ ಲೋಹದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಅರ್ಧ ಗಂಟೆ ತೆಗೆಯದೆ ಬಿಡಿ. ಬೇಗ ತೆಗೆದರೆ ಗಾಳಿ ಸಿಕ್ಕಿ ಮತ್ತೆ ಹೊತ್ತುತ್ತದೆ. ಸೌದೆ ಒಲೆಯ ಮೇಲೆ ಕರಿಯುವುದರಲ್ಲಿ ಇರುವ ತೊಡಕು ಇದೇ, ಉರಿಯನ್ನು ತಿರುಗಿಸಿ ಆರಿಸಲು ಬರುವುದಿಲ್ಲ. ಮುಚ್ಚಳ ಹಾಕಿದ ಮೇಲೆ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ಬೂದಿಯಲ್ಲಿ ಹೂಳಬೇಕು. ಹೋಂಸ್ಟೇಯ ಸಂಜೆಯ ಕರಿದ ತಿಂಡಿ ಗ್ಯಾಸ್ ಮೇಲೆಯೇ ಇರಲಿ.

ಸೌದೆ ಒಲೆಗೆ ಮಳೆಗಾಲದಲ್ಲಿ ಇನ್ನೆರಡು ಅಪಾಯ. ಹಸಿ ಸೌದೆ ಹೊತ್ತದೆ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಂದಿಟ್ಟ ಪೆಟ್ರೋಲನ್ನು ಸುರಿಯುವವರಿದ್ದಾರೆ. ಪೆಟ್ರೋಲಿನ ಆವಿ ಡಬ್ಬಿಯ ಬಾಯಿಯವರೆಗೂ ಹರಡಿರುತ್ತದೆ, ಒಂದು ಕಿಡಿಗೆ ಕೈಯಲ್ಲಿರುವ ಡಬ್ಬಿಯೇ ಹೊತ್ತುತ್ತದೆ. ಆರಿದಂತೆ ಕಾಣುವ ಕೆಂಡದ ಮೇಲೆ ಸೀಮೆಎಣ್ಣೆ ಹಾಕುವುದೂ ಅಷ್ಟೇ ಅಪಾಯ. ಒಣ ತೆಂಗಿನ ಗರಿ, ಸಿಲ್ವರ್ ಓಕ್ ಎಲೆ, ಕಾಫಿ ಕಡ್ಡಿಯನ್ನು ಮೇ ತಿಂಗಳಲ್ಲೇ ಗೋಣಿಚೀಲದಲ್ಲಿ ತುಂಬಿಟ್ಟುಕೊಳ್ಳಿ. ಎರಡನೆಯದು, ಒಣಗಲೆಂದು ಒಲೆಯ ಮೇಲಿನ ಹಗ್ಗಕ್ಕೆ ಹಾಕುವ ಬಟ್ಟೆ ಮತ್ತು ಒಲೆಯ ಬಾಯಿಗೆ ಒತ್ತಿಟ್ಟ ಸೌದೆ. ಎರಡಕ್ಕೂ ಉರಿಯಿಂದ ಒಂದು ಮೀಟರ್ ದೂರ ಬೇಕು. ಅಡುಗೆ ಮಾಡುವವರು ಶಾಲು, ನೈಲಾನ್ ನೈಟಿ, ಅಕ್ರಿಲಿಕ್ ಸ್ವೆಟರ್ ತೊಟ್ಟು ಒಲೆಯ ಮುಂದೆ ಕೂರಬೇಡಿ. ಮೈಮೇಲೆ ಬೆಂಕಿ ಹಿಡಿದರೆ ಓಡಬೇಡಿ, ನೆಲಕ್ಕೆ ಮಲಗಿ ಉರುಳಿ. ನೋಡಿದವರು ಉಣ್ಣೆಯ ಕಂಬಳಿಯನ್ನು ಕತ್ತಿನಿಂದ ಕಾಲಿನ ಕಡೆಗೆ ಹೊದಿಸಿ ಒತ್ತಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಾವನ ಕೆಂಡದ ಬಾಣಲೆ. ಅದನ್ನು ಇಂದೇ ನಿಲ್ಲಿಸಬೇಕು. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ, ವಾಸನೆ ಯಾವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಳೆಗೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿ ತುರುಕಿದ ಕೋಣೆಯಲ್ಲಿ ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು. ಮುನ್ಸೂಚನೆ ತಲೆನೋವು, ವಾಕರಿಕೆ, ತಲೆಸುತ್ತು. ಒಂದೇ ಕೋಣೆಯ ಇಬ್ಬರಿಗೆ ಒಟ್ಟಿಗೆ ಹೀಗಾದರೆ ಜ್ವರವೆಂದು ಮಲಗಿಸಬೇಡಿ: ಬಾಗಿಲು ತೆರೆದು ಎಲ್ಲರನ್ನೂ ಹೊರಗಿನ ಗಾಳಿಗೆ ತಂದು 108ಕ್ಕೆ ಕರೆ ಮಾಡಿ, ಅವರಿಗೆ ಆಮ್ಲಜನಕ ಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ, ಅದು ಈ ವಿಷಾನಿಲವನ್ನು ಆಮ್ಲಜನಕವೆಂದೇ ಎಣಿಸಿ 98 ಎಂದು ತೋರಿಸೀತು. ಮಾವನಿಗೆ ರಬ್ಬರಿನ ಬಿಸಿನೀರಿನ ಚೀಲ, ಇನ್ನೊಂದು ಕಂಬಳಿ ಕೊಡಿ. ಕೆಂಡ ಕಾಯಿಸಬೇಕೆಂದರೆ ತೆರೆದ ಜಗಲಿಯಲ್ಲಿ, ಎಚ್ಚರವಿರುವಾಗ ಮಾತ್ರ. ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಎಚ್ಚರಿಕೆ: ಅದು ಹೊರಗೋಡೆಯಲ್ಲಿರಲಿ, ಅತಿಥಿಗಳು ಸ್ನಾನ ಮಾಡುವಾಗ ಕಿಟಕಿ ತೆರೆದಿರಲಿ.

ಗೋಣಿ ತುರುಕಿದ ಬಾಗಿಲು ಗ್ಯಾಸ್‌ಗೂ ಶತ್ರು. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಸೇರಿದರೂ ಹೊತ್ತಬಲ್ಲದು. ಮೇಲಿನ ಕಿಟಕಿ ತೆರೆದಿದ್ದರೆ ಸಾಲದು, ನೆಲಮಟ್ಟದಲ್ಲಿ ದಾರಿ ಬೇಕು. ನಿಮ್ಮಲ್ಲಿ ಸೌದೆ ಒಲೆಯೂ ಅದೇ ಕೋಣೆಯಲ್ಲಿ ಇರುವುದರಿಂದ ಸಿಲಿಂಡರನ್ನು ಸಾಧ್ಯವಾದಷ್ಟು ದೂರದ ಮೂಲೆಗೆ, ಬಾಗಿಲ ಹತ್ತಿರಕ್ಕೆ ಇಡಿ. ನೆಟ್ಟಗೇ ನಿಂತಿರಲಿ, ಸ್ಟೌ ಅದಕ್ಕಿಂತ ಎತ್ತರದಲ್ಲಿರಲಿ. ಪೈಪ್ ಐಎಸ್‌ಐ ಗುರುತಿನ, ಒಳಗೆ ತಂತಿ ಬಲೆಯಿರುವ ಸುರಕ್ಷಾ ಪೈಪೇ ಆಗಬೇಕು. ತೋಟದ ಮನೆಯ ಇಲಿ ಬರೀ ರಬ್ಬರನ್ನು ಒಂದೇ ರಾತ್ರಿ ಕಡಿದೀತು. ಉದ್ದ 1.5 ಮೀಟರ್ ಮೀರದಿರಲಿ, ಐದು ವರ್ಷಕ್ಕೆ ಬದಲಿಸಿ. ಹೊಸ ಸಿಲಿಂಡರ್ ಇಳಿಸಿಕೊಳ್ಳುವಾಗ ಹಿಡಿಕೆಯ ಪಟ್ಟಿಯ ಒಳಬದಿಯ ಅಕ್ಷರ ಮತ್ತು ವರ್ಷ ನೋಡಿ: ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಅವಧಿ ದಾಟಿದ್ದರೆ ಮರುಪರೀಕ್ಷೆಗೆ ಹೋಗಬೇಕಾದ ಸಿಲಿಂಡರ್, ವಾಪಸ್ ಕಳಿಸಿ. ವಾಲ್ವ್ ಒಳಗಿನ ಕಪ್ಪು ರಬ್ಬರ್ ಬಳೆ ಇದೆಯೇ ನೋಡಿ, ರೆಗ್ಯುಲೇಟರ್ ಹಾಕಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಬಿಡಿಸಿ.

ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ, ಎರಡರಲ್ಲೂ ಕಿಡಿ ಏಳುತ್ತದೆ. ಕೈಗೆಟುಕಿದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಸೌದೆ ಒಲೆ ಉರಿಯುತ್ತಿದ್ದರೆ ಅದನ್ನು ಆರಿಸುತ್ತಾ ನಿಲ್ಲಬೇಡಿ, ಜನರನ್ನು ಹೊರಗೆ ಕರೆತರುವುದೇ ಮೊದಲ ಕೆಲಸ. ಮನೆಯಿಂದ ದೂರ ಬಂದ ಮೇಲೆ 1906ಕ್ಕೆ ಕರೆ ಮಾಡಿ, ಗ್ಯಾಸ್ ಸೋರಿಕೆಗೆ ಇರುವ ಸಹಾಯವಾಣಿ ಅದು. ರೆಗ್ಯುಲೇಟರ್ ಬಳಿಯೇ ಜ್ವಾಲೆ ಎದ್ದಿದ್ದರೆ ಕೈಗೆ ಒದ್ದೆ ಗೋಣಿ ಸುತ್ತಿ ಗುಂಡಿ ತಿರುಗಿಸಲು ಸಾಧ್ಯವೇ ನೋಡಿ. ಆಗದಿದ್ದರೆ ಜ್ವಾಲೆಯನ್ನು ಮಾತ್ರ ಬಡಿದು ಆರಿಸಬೇಡಿ, ಉರಿಯದ ಗ್ಯಾಸ್ ಕೋಣೆ ತುಂಬಿ ಮತ್ತೆ ಸ್ಫೋಟವಾಗುತ್ತದೆ. ಹೊರಬಂದು 101 ಅಥವಾ 112ಕ್ಕೆ ತಿಳಿಸಿ.

ಉಳಿದವು ಚಿಕ್ಕದಾಗಿ. ಚಾಕು ತಾಗಿದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ, ಕೈ ಎತ್ತರಕ್ಕೆ ಹಿಡಿಯಿರಿ, ನಡುನಡುವೆ ತೆಗೆದು ನೋಡಿದರೆ ಹೆಪ್ಪು ಕಿತ್ತುಹೋಗುತ್ತದೆ. ಬೆರಳಿನ ತುದಿಯೇ ತುಂಡಾದರೆ ಅದನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಜೊತೆಗೆ ಒಯ್ಯಿರಿ, ಐಸ್ ನೇರವಾಗಿ ತಾಗಬಾರದು. ಗಾಂಧಾರಿ ಮೆಣಸು ಕೈಗೆ ಉರಿದರೆ ಮೊದಲು ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಿ, ಕಣ್ಣಿಗಾದರೆ ಬರೀ ನೀರು, ಹದಿನೈದು ನಿಮಿಷ. ನೀರು ಕಾಯಿಸುವ ರಾಡನ್ನು ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಮೀಟರ್ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಹೋಂಸ್ಟೇ ನಡೆಸುವವರಿಗೆ ಇದರಲ್ಲಿ ರಾಜಿ ಇರಬಾರದು. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆರಿಸಿ. ಮಾಂಸದ ತುಂಡು ಗಂಟಲಿಗೆ ಸಿಕ್ಕಿ ಮಾತು, ಕೆಮ್ಮು ಎರಡೂ ನಿಂತರೆ ಬಗ್ಗಿಸಿ ಬೆನ್ನಿನ ನಡುವೆ ಅಂಗೈ ಬುಡದಿಂದ ಐದು ಪೆಟ್ಟು, ಹೋಗದಿದ್ದರೆ ಹಿಂದಿನಿಂದ ಅಪ್ಪಿ ಹೊಕ್ಕುಳ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ, ಹೊರಬರುವ ತನಕ ಹೀಗೇ. ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು, ಬೆನ್ನಿಗೆ ಐದು ಪೆಟ್ಟು, ಎದೆಮೂಳೆಗೆ ಒಂದು ಕೈಯ ಅಂಗೈ ಬುಡದಿಂದ ಐದು ಒತ್ತು.

ಮಕ್ಕಳ ಬಗ್ಗೆ ಒಂದು ಮಾತು, ಏಕೆಂದರೆ ಅತಿಥಿಗಳ ಮಕ್ಕಳಿಗೆ ನಿಮ್ಮ ಅಡುಗೆಮನೆ ಹೊಸದು. 60 ಡಿಗ್ರಿ ನೀರು ದೊಡ್ಡವರನ್ನು ಸುಮಾರು ಐದು ಸೆಕೆಂಡಿನಲ್ಲಿ ಆಳವಾಗಿ ಸುಟ್ಟರೆ ಪುಟ್ಟ ಮಗುವಿಗೆ ಒಂದೇ ಸೆಕೆಂಡ್ ಸಾಕು. ಒಲೆಯ ಮುಂದೆ ಒಂದು ಮೀಟರ್ ದೂರಕ್ಕೆ ನೆಲದಲ್ಲಿ ಬಣ್ಣದ ಗೆರೆ ಎಳೆದು ಆಚೆ ನಿಲ್ಲಲು ಹೇಳಿ. ಬಚ್ಚಲ ಹಂಡೆಯ ಬಿಸಿನೀರನ್ನು ಬಕೆಟ್‌ಗೆ ಹಾಕುವಾಗ ಮೊದಲು ತಣ್ಣೀರು, ಆಮೇಲೆ ಬಿಸಿ. ಟಾಯ್ಲೆಟ್ ಕ್ಲೀನರ್, ಸೀಮೆಎಣ್ಣೆಯನ್ನು ಕುಡಿಯುವ ಬಾಟಲಿಗೆ ಸುರಿದಿಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಬಾಟಲಿ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಇಷ್ಟು ಸಾಮಾನು ಒಂದೇ ಕಡೆ ಇರಲಿ: ನೀರಿನ ಡ್ರಮ್, ಉಣ್ಣೆ ಕಂಬಳಿ, ಅಗಲ ಮುಚ್ಚಳ, ಪ್ಲಾಸ್ಟಿಕ್ ಹಾಳೆಯ ಸುರುಳಿ, ಒಗೆದ ಬಟ್ಟೆ, ಬ್ಯಾಂಡೇಜ್, ಕತ್ತರಿ, ಪ್ಯಾರಾಸಿಟಮಾಲ್, ಟಾರ್ಚ್. ಗೋಡೆಗೆ ಅಂಟಿಸುವ ಹಾಳೆಯಲ್ಲಿ 108, 112, 101, 1906 ಜೊತೆಗೆ ಊರಿನ ಜೀಪ್ ಇಟ್ಟಿರುವ ಇಬ್ಬರ ನಂಬರ್ ಬರೆಯಿರಿ. ತೋಟದ ಮನೆಗೆ ಬಾಗಿಲ ಸಂಖ್ಯೆಯಿಂದ ದಾರಿ ಸಿಗುವುದಿಲ್ಲ, ಆದ್ದರಿಂದ ಮುಖ್ಯರಸ್ತೆಯಿಂದ ನಿಮ್ಮ ಗೇಟಿಗೆ ಬರುವ ದಾರಿಯನ್ನು, ಹತ್ತಿರದ ಶಾಲೆಯನ್ನೋ ಸೇತುವೆಯನ್ನೋ ಗುರುತಿಟ್ಟು, ಎರಡು ಸಾಲಿನಲ್ಲಿ ಅದೇ ಹಾಳೆಯಲ್ಲಿ ಬರೆದಿಡಿ. ಮೊಬೈಲ್ ಸಿಗ್ನಲ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ ಎಂಬುದನ್ನೂ ಬರೆಯಿರಿ, ಅತಿಥಿಗಳಿಗೆ ಅದು ಗೊತ್ತಿರುವುದಿಲ್ಲ. ಒಬ್ಬರು ಕರೆ ಮಾಡುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಗೇಟಿಗೆ ಹೋಗಿ ನಿಲ್ಲಲಿ, ಮೂರನೆಯವರು ನೀರು ಸುರಿಯುವುದನ್ನು ನಿಲ್ಲಿಸದಿರಲಿ.